ಟೇಪು ಎಳೆದ ಅಳತೆ

"ನಾಲ್ಕು, ಒಂದು, ಒಂದು," ಎಂದು ನರ್ಸು ಸೀಸೆಯ ಮೇಲಿನ ನಂಬರು ಓದಿದಳು. "ನೋಡ್ಕೊಂಡು ಹೇಳಿ."

"ನಾಲ್ಕು, ಒಂದು, ಒಂದು," ಎಂದಳು ತಂಗಿ.

"ಏಳು, ಸೊನ್ನೆ, ಆರು."

"ಏಳು, ಸೊನ್ನೆ..." ಅಷ್ಟರಲ್ಲಿ ಅವಳ ಎದೆ ಧಸಕ್ಕೆಂದಿತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು "ಆರು" ಎಂದು ಮುಗಿಸಿತು.

ಆ ವಾರ್ಡಿನ ಪದ್ಧತಿಯೇ ಹಾಗೆ. ಔಷಧಿ ಏರಿಸುವ ಮೊದಲು ನರ್ಸು ಖಾಲಿ ಸೀಸೆ ಹಿಡಿದು ಬ್ಯಾಚಿನ ನಂಬರು ಓದಬೇಕು, ರೋಗಿಯ ಕಡೆಯವರು ಕಣ್ಣಾರೆ ನೋಡಿ ಮತ್ತೆ ಹೇಳಬೇಕು, ಇಬ್ಬರೂ ಹಾಳೆಗೆ ಸಹಿ ಹಾಕಬೇಕು. ಎಲ್ಲರೂ ಗಿಣಿಪಾಠ ಒಪ್ಪಿಸಿದ ಹಾಗೆ ಒಪ್ಪಿಸಿ ಸಹಿ ಹಾಕುತ್ತಿದ್ದರು. ಆ ನಂಬರಿನಿಂದ ಯಾರಿಗೆ ಏನು ಗೊತ್ತಾಗಬೇಕು? ಇವಳಿಗೆ ಗೊತ್ತಾಗುತ್ತಿತ್ತು. ಆ ಔಷಧಿ ತಯಾರಾಗುವ ಕಾರ್ಖಾನೆಯ ಅಳತೆ ಕೋಣೆಯಲ್ಲಿ ಹದಿಮೂರು ವರ್ಷದಿಂದ ಕೆಲಸ ಮಾಡುತ್ತಿದ್ದವಳು ಅವಳು. ಐದು ತಿಂಗಳ ಹಿಂದೆ ಇದೇ ಆರು ಅಂಕಿಗಳನ್ನು ತನ್ನ ಕೈಯಾರೆ ಪುಸ್ತಕದಲ್ಲಿ ಬರೆದು, ಎದುರಿಗೆ 'ಸರಿಯಿದೆ' ಎಂದು ಸಹಿ ಹಾಕಿದ್ದಳು. ಈಗ ಅದೇ ನಂಬರಿಗೆ ಎರಡನೇ ಸಲ ಸಹಿ ಹಾಕಿದಳು. ಪೆನ್ನು ವಾಪಸು ಕೊಟ್ಟಳು.

"ಆಯ್ತಾ ಪುಟ್ಟಿ?" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. ಮೂವತ್ತೆಂಟು ವರ್ಷವಾದರೂ ತಂಗಿ ಅವಳ ಬಾಯಲ್ಲಿ ಪುಟ್ಟಿಯೇ.

"ಆಯ್ತು ಅಕ್ಕ."

ಹಾಲಿನಂಥ ಬಿಳಿ ಔಷಧಿ ಚೀಲದಿಂದ ನಳಿಗೆಗೆ ಇಳಿಯತೊಡಗಿತು. ಒಂದೊಂದೇ ತೊಟ್ಟು.

ಅಕ್ಕ ದೊಡ್ಡ ಕುರ್ಚಿಯಲ್ಲಿ ಒರಗಿದ್ದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಹೊಲಿಗೆ ಅಂಗಡಿಯ ಬಾಗಿಲು ಹಾಕಿ ನೇರ ಬಂದವಳು, ಅದನ್ನು ತೆಗೆದಿಡುವುದನ್ನೇ ಮರೆತಿದ್ದಳು. ಕನ್ನಡಕವನ್ನು ಮಾತ್ರ ಬೇಕೆಂದೇ ಬಿಟ್ಟು ಬಂದಿದ್ದಳು. "ಅಲ್ಲಿ ಏನ್ ನೋಡ್ಬೇಕಾಗಿದೆ? ನೀನಿದ್ದೀಯಲ್ಲ, ನೋಡ್ಕೋ" ಅಂದಿದ್ದಳು. ಎದೆಯಲ್ಲಿ ಕ್ಯಾನ್ಸರ್ ಗಡ್ಡೆಯಿರುವ ಕಡೆಯ ಕೈಗೆ ಚುಚ್ಚುವ ಹಾಗಿರಲಿಲ್ಲ. ಇನ್ನೊಂದು ಕೈಯಲ್ಲಿ ನರ ಸಿಗದೆ ನಾಲ್ಕು ಕಡೆ ಚುಚ್ಚಿ, ಐದನೇ ಸಲಕ್ಕೆ ಸೂಜಿ ಕೂತಿತ್ತು. ಅಷ್ಟೂ ಹೊತ್ತು ಅಕ್ಕ ತುಟಿ ಪಿಟಕ್ಕೆಂದಿರಲಿಲ್ಲ.

ಈ ಕುರ್ಚಿಯವರೆಗೆ ಅವಳನ್ನು ಕರೆತರುವಷ್ಟರಲ್ಲಿ ಪುಟ್ಟಿಗೆ ಸಾಕುಸಾಕಾಗಿತ್ತು. ಹಿಂದಿನ ಔಷಧಿ ಏರಿಸಿದ ಐದೇ ನಿಮಿಷಕ್ಕೆ ಅಕ್ಕನ ಮುಖ ಕೆಂಪಾಗಿ, ಉಸಿರು ಕಟ್ಟಿ, ಕಣ್ಣು ಮೇಲಾಗಿತ್ತು. ಬದುಕಿ ಬಂದಮೇಲೆ ಅವಳು ಹೇಳಿದ್ದು ಒಂದೇ ಮಾತು: "ಸಾಯೋದೇ ಆದ್ರೆ ನನ್ನ ಮಿಷನ್ ಮುಂದೆ ಕೂತು ಸಾಯ್ತೀನಿ. ಆ ಕುರ್ಚಿಗೆ ಮಾತ್ರ ಬರಲ್ಲ." ಡಾಕ್ಟರಮ್ಮ ಬೇರೆ ಔಷಧಿ ಇದೆ ಎಂದಾಗಲೂ ಜಗ್ಗಲಿಲ್ಲ. ಕೊನೆಗೆ ಪುಟ್ಟಿಯೇ ಕಟಿಂಗ್ ಟೇಬಲ್ಲಿನ ಪಕ್ಕ ಕೂತು ಒಂದು ಮಧ್ಯಾಹ್ನವಿಡೀ ತಿಳಿಸಿ ಹೇಳಿದ್ದಳು.

"ಹಳೇದರಲ್ಲಿ ಔಷಧಿ ಕರಗ್ಲಿ ಅಂತ ಎಣ್ಣೆಯಂಥದ್ದು ಏನೋ ಬೆರೆಸಿರ್ತಾರಕ್ಕ. ನಿನ್ನ ಮೈಗೆ ಆಗದೇ ಇದ್ದಿದ್ದು ಅದು. ಇದರಲ್ಲಿ ಅದಿಲ್ಲ. ಔಷಧೀನ ಸಣ್ಣ ಸಣ್ಣ ಉಂಡೆ ಮಾಡಿರ್ತಾರೆ. ಒಂದು ತಲೆಕೂದಲು ತಗೊಂಡು ಐನೂರು ಸೀಳು ಮಾಡಿದ್ರೆ ಒಂದು ಸೀಳು ಎಷ್ಟು ದಪ್ಪ ಇರುತ್ತೋ, ಅಷ್ಟೇ ಒಂದುಂಡೆ."

"ನನ್ನ ತಲೇಲಿ ಕೂದಲೆಲ್ಲಿದೆ ಸೀಳೋಕೆ?" ಅಕ್ಕ ಬೋಳು ತಲೆ ಸವರಿಕೊಂಡು ನಕ್ಕಿದ್ದಳು.

"ನನ್ನದು ತಗೋ. ಗಡ್ಡೆಯೊಳಗಿನ ರಕ್ತನಾಳ ಇರುತ್ತಲ್ಲ, ಅದರ ಹೊಲಿಗೆ ಸಡಿಲ. ಈ ಉಂಡೆ ಆ ಸಂದಿಯಲ್ಲಿ ನುಸುಳಿ ಒಳಗೆ ಹೋಗಿ ಕೂರುತ್ತೆ. ಬೇರೆ ಕಡೆ ತಂಟೆ ಕಡಿಮೆ."

"ಉಂಡೆ ದಪ್ಪ ಆಗ್ಬಿಟ್ರೆ?"

ಅಕ್ಕ ಓದಿದ್ದು ಏಳನೇ ಕ್ಲಾಸು. ಆದರೆ ಕೇಳಬೇಕಾದ್ದನ್ನೇ ಕೇಳಿದ್ದಳು. ಪುಟ್ಟಿ ಎದೆ ತಟ್ಟಿಕೊಂಡು ಹೇಳಿದ್ದಳು: "ಆಗಲ್ಲ. ಅದನ್ನ ಅಳೆಯೋದೇ ನನ್ನ ಕೆಲಸ. ನಮ್ಮ ಕೋಣೇಲಿ ಅಳೆದು ಸಹಿ ಹಾಕದೆ ಒಂದು ಸೀಸೇನೂ ಗೇಟು ದಾಟಲ್ಲ."

ಅಕ್ಕ ಕತ್ತರಿ ಕೆಳಗಿಟ್ಟಳು. "ನೀನು ಅಳೆದಿದ್ದಾದ್ರೆ ಹಾಕಿಸ್ಕೋತೀನಿ" ಎಂದಿದ್ದಳು. ಅಮ್ಮ ಹೋದಮೇಲೆ ಕಾಲಲ್ಲಿ ಮಿಷನ್ ತುಳಿದು ತಂಗಿಯನ್ನು ಓದಿಸಿದ್ದವಳು ಅವಳು. ಆ ಓದಿನ ಮೇಲೆ ಅವಳಿಗೆ ಭಾರೀ ನಂಬಿಕೆ.

ಈಗ ಆ ನಂಬಿಕೆ ತೊಟ್ಟು ತೊಟ್ಟಾಗಿ ಅವಳ ನರದೊಳಗೆ ಇಳಿಯುತ್ತಿತ್ತು.

ಪುಟ್ಟಿ ಸ್ಟೂಲಿನ ಮೇಲೆ ಕೂತು ಐದು ತಿಂಗಳ ಹಿಂದಿನ ಆ ದಿನವನ್ನು ನೆನೆದಳು. ನೆನೆಯುವುದೇನು, ಅದು ಮರೆತಿದ್ದರೆ ತಾನೇ. ಅಳೆಯುವ ಮುಂಚೆ ಸ್ಯಾಂಪಲ್ಲನ್ನು ಒಂದು ಪುಟ್ಟ ನೀರಿನ ತೊಟ್ಟಿಯಲ್ಲಿ ಇಡಬೇಕು. ಆ ತೊಟ್ಟಿ ಕಿವಿಗೆ ಕೇಳದ ಸದ್ದಿನಿಂದ ನೀರನ್ನು ನಡುಗಿಸುತ್ತದೆ, ಒಂದಕ್ಕೊಂದು ಅಂಟಿದ ಉಂಡೆಗಳು ಬಿಡಿಬಿಡಿಯಾಗುತ್ತವೆ. ನಿಯಮದಲ್ಲಿ ಬರೆದಿರುವುದು ಮೂವತ್ತು ಸೆಕೆಂಡು. ಆಮೇಲೆ ಯಂತ್ರ ಬೆಳಕು ಹಾಯಿಸಿ ಗಾತ್ರ ಹೇಳುತ್ತದೆ. ನೂರ ಅರವತ್ತು ನ್ಯಾನೋಮೀಟರಿನ ಒಳಗೆ ಬಂದರೆ ಪಾಸು. ಮೇಲೆ ಬಂದರೆ ಕೆಂಪು ಕಾಗದ ತುಂಬಬೇಕು, ಕೋಣೆಯ ಮುಖ್ಯಸ್ಥೆ ಮೇಡಂನ್ನು ಕರೆಯಬೇಕು, ಇಡೀ ಬ್ಯಾಚು ನಿಲ್ಲಬೇಕು, ಕಂಡಕಂಡವರಿಂದ ಬೈಸಿಕೊಳ್ಳಬೇಕು. ಅದಕ್ಕೆ ಆ ಕೋಣೆಯವರು ಒಂದು ಉಪಾಯ ಕಂಡುಕೊಂಡಿದ್ದರು. ತೊಟ್ಟಿಯಲ್ಲಿ ಇನ್ನೊಂದು ಮೂರು ನಿಮಿಷ ಇಡುವುದು. "ಇನ್ನೊಂದು ಸ್ನಾನ ಮಾಡ್ಸು, ಸರಿಹೋಗುತ್ತೆ" ಎನ್ನುವುದು ಅಲ್ಲಿಯ ಮಾತು. ಅದನ್ನು ಎಲ್ಲರಿಗೂ ಕಲಿಸಿದ ಹಿರಿಯನಿಗೆ ಸ್ನಾನದಣ್ಣ ಎಂದೇ ಹೆಸರು ಬಿದ್ದಿತ್ತು. "ಔಷಧಿ ಸರಿಯಾಗೇ ಇರುತ್ತಮ್ಮ, ನಾವು ಪುಡೀನ ನೀರಲ್ಲಿ ಕಲಸೋವಾಗ ಅಂಟಿಕೊಂಡಿರುತ್ತೆ ಅಷ್ಟೇ" ಎನ್ನುತ್ತಿದ್ದ. ಎಷ್ಟೋ ಸಲ ಅದು ನಿಜವೂ ಆಗಿರಬಹುದು.

ಆ ದಿನ ಮೊದಲು ಬಂದದ್ದು ಇನ್ನೂರ ಹನ್ನೆರಡು. ಪುಟ್ಟಿ ಕೆಂಪು ಕಾಗದ ತೆಗೆದುಕೊಂಡಿದ್ದಳು ಕೂಡ. ಅಷ್ಟರಲ್ಲಿ ಫೋನು ಬಂತು. "ರಿಪೋರ್ಟು ಬಂತು ಪುಟ್ಟಿ. ಅದೇ ಅಂತೆ" ಎಂದಳು ಅಕ್ಕ, ಬಟ್ಟೆ ಸಾಲಲಿಲ್ಲ ಎಂದು ಗಿರಾಕಿಗೆ ಹೇಳುವಷ್ಟೇ ಮೆಲ್ಲಗೆ. ಕೆಂಪು ಕಾಗದ ತುಂಬಿದರೆ ಸಂಜೆಯವರೆಗೆ ಅಲ್ಲೇ ಇರಬೇಕು. ಪುಟ್ಟಿ ಸ್ಯಾಂಪಲ್ಲಿಗೆ ಇನ್ನೊಂದು ಸ್ನಾನ ಮಾಡಿಸಿದಳು. ನೂರ ನಲವತ್ತೆಂಟು ಬಂತು. ಬರೆದು, ಸಹಿ ಹಾಕಿ, ಅಕ್ಕನ ಹತ್ತಿರ ಓಡಿದ್ದಳು.

ಆಸ್ಪತ್ರೆಯಲ್ಲಿ ಯಾರೂ ಔಷಧಿಗೆ ಸ್ನಾನ ಮಾಡಿಸುವುದಿಲ್ಲ. ಇದನ್ನು ಅವಳು ಹದಿಮೂರು ವರ್ಷದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ. ಸೀಸೆಯಲ್ಲಿ ಹೇಗಿದೆಯೋ ಹಾಗೇ ನರಕ್ಕೆ ಹೋಗುತ್ತದೆ.

ಏನೂ ಆಗಲಿಕ್ಕಿಲ್ಲ ಎಂದುಕೊಂಡಳು. ಸ್ವಲ್ಪ ಅಂಟಿಕೊಂಡಿದ್ದರೆ ರಕ್ತದಲ್ಲಿ ಬಿಟ್ಟುಕೊಳ್ಳಬಹುದು. ಬಿಟ್ಟುಕೊಳ್ಳದಿದ್ದರೆ? ಗಡ್ಡೆಯವರೆಗೂ ಹೋಗದೆ ಇರಬಹುದು, ಅಥವಾ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ಹೇಳಿಬಿಟ್ಟರೆ ಅಕ್ಕ ಈ ಕುರ್ಚಿಯಿಂದ ಎದ್ದು ಹೋಗುತ್ತಾಳೆ, ಮತ್ತೆ ಜನ್ಮದಲ್ಲಿ ಬರುವುದಿಲ್ಲ, ಗಡ್ಡೆ ಬೆಳೆಯುತ್ತದೆ. ಹೇಳದಿದ್ದರೆ ಅರ್ಧ ಗಂಟೆಯಲ್ಲಿ ಚೀಲ ಖಾಲಿಯಾಗುತ್ತದೆ. ಯಾವ ಕಡೆ ತಿರುಗಿದರೂ ಅಕ್ಕನ ಜೀವವೇ. ಪುಟ್ಟಿ ಗಡಿಯಾರ ನೋಡಿದಳು. ನಾಲ್ಕು ನಿಮಿಷ ಆಗಿತ್ತು. ನರ್ಸನ್ನು ಕರೆಯಲು ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ನೋಡಿದಳು, ಆರು ನಿಮಿಷ.

ಅಕ್ಕ ಕೆಮ್ಮಿದಳು.

ಬರೀ ಒಂದು ಕೆಮ್ಮು. ಗಂಟಲು ಒಣಗಿದ್ದಿರಬೇಕು. ಆದರೆ ಪುಟ್ಟಿ ಎದ್ದು ನಿಂತಾಗಿತ್ತು. ನಳಿಗೆಯ ಮೇಲಿನ ಪುಟ್ಟ ಗಾಲಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿ ಔಷಧಿ ನಿಲ್ಲಿಸಿಬಿಟ್ಟಳು. ರೋಗಿಯ ಕಡೆಯವರು ಅದನ್ನು ಮುಟ್ಟುವಂತೆಯೇ ಇಲ್ಲ.

"ಏನ್ರೀ ಇದು, ತಲೆ ಕೆಟ್ಟಿದ್ಯಾ ನಿಮ್ಗೆ?" ನರ್ಸು ಓಡಿ ಬಂದಳು.

"ಹಾಕ್ಬೇಡಿ ಸಿಸ್ಟರ್. ಈ ಬ್ಯಾಚು ಸರಿಯಿಲ್ಲ. ಡಾಕ್ಟರಮ್ಮನ್ನ ಕರೀರಿ."

"ಯಾರು ಹೇಳಿದ್ದು ಸರಿಯಿಲ್ಲ ಅಂತ?"

"ಸರಿಯಿದೆ ಅಂತ ಬರೆದವಳು ನಾನೇ," ಎಂದಳು ಪುಟ್ಟಿ. ಗಾಲಿಯ ಮೇಲಿನ ಹೆಬ್ಬೆರಳು ತೆಗೆದು ಸ್ಟೂಲಿನ ಮೇಲೆ ಕೂತಳು.

ಡಾಕ್ಟರಮ್ಮ ಬಂದು ಮೊದಲು ಅಕ್ಕನ ಎದೆಗೆ ಸ್ಟೆತಾಸ್ಕೋಪು ಇಟ್ಟು ಉಸಿರು ಕೇಳಿದರು, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ಅಂಕಿ ನೋಡಿದರು. ಆಮೇಲೆ ಪುಟ್ಟಿಯ ಕಡೆ ತಿರುಗಿ "ನಿಧಾನವಾಗಿ ಹೇಳಿ" ಎಂದರು. ಪುಟ್ಟಿ ಎಲ್ಲವನ್ನೂ ಹೇಳಿದಳು. ತೊಟ್ಟಿ, ಮೂವತ್ತು ಸೆಕೆಂಡು, ಇನ್ನೂರ ಹನ್ನೆರಡು, ಇನ್ನೊಂದು ಸ್ನಾನ. ಅಕ್ಕನ ಕಡೆ ನೋಡುವ ಧೈರ್ಯ ಬರಲಿಲ್ಲ. ನೆಲದ ಹಾಸುಗಲ್ಲಿಗೇ ಅಷ್ಟನ್ನೂ ಒಪ್ಪಿಸಿದಳು.

"ಎಷ್ಟು ಹೋಗಿದೆ ಒಳಗೆ?"

ನರ್ಸು ಚೀಲ ನೋಡಿ, ಪೆನ್ನಿನಿಂದ ಅದರ ಮೇಲೆ ಗೆರೆ ಎಳೆದಳು. "ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ, ಮೇಡಂ."

"ಈಗಂತೂ ಉಸಿರು ಚೆನ್ನಾಗಿದೆ. ನಾಲ್ಕು ಗಂಟೆ ಇಲ್ಲೇ ಇರಿ, ನೋಡೋಣ," ಎಂದರು ಡಾಕ್ಟರಮ್ಮ. ಆಮೇಲೆ ಮೆಲ್ಲಗೆ, "ನಿಮ್ಮ ಹೆಸರಲ್ಲೇ ಬರೆದು ಕಳಿಸ್ಬೇಕಾಗುತ್ತೆ. ಕೆಲಸ ಹೋಗ್ಬಹುದು."

"ಬರೀರಿ," ಎಂದಳು ಪುಟ್ಟಿ.

ಅಷ್ಟರಲ್ಲಿ ನರ್ಸು ಒಳಗಿನಿಂದ ಇನ್ನೊಂದು ಸೀಸೆ ತಂದಳು. "ಇದು ಬೇರೆ ಬ್ಯಾಚು ಮೇಡಂ. ನಾಲ್ಕು, ಒಂದು, ಒಂದು, ಎಂಟು, ಮೂರು, ಎರಡು. ಇದನ್ನ ಕಲಸಿಸ್ಲಾ?" ಪುಟ್ಟಿಯ ಕಣ್ಣೆದುರು ಸೀಸೆ ಹಿಡಿದು, "ಇದೂ ನಿಮ್ಮದೇನಾ?" ಎಂದು ಕೇಳಿದಳು. ಮಾತಿನಲ್ಲಿ ಕಟಕಿಯಿತ್ತು.

ಇಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಅದನ್ನು ಅಳೆದದ್ದು ಸ್ನಾನದಣ್ಣ.

"ನನ್ನದಲ್ಲ," ಎಂದಳು. "ಆದ್ರೆ ನನಗೆ ಸ್ನಾನ ಕಲಿಸಿದವರದು."

ಡಾಕ್ಟರಮ್ಮ ಒಂದು ಕ್ಷಣ ಅವಳನ್ನೇ ನೋಡಿದರು. ಆ ವಾರ್ಡಿನಲ್ಲಿ ಏಳು ಕುರ್ಚಿಗಳಿದ್ದವು. ಇನ್ನೆರಡು ಕುರ್ಚಿಗಳ ಮೇಲೂ ಬಿಳಿ ಚೀಲ ತೂಗುತ್ತಿತ್ತು. ಡಾಕ್ಟರಮ್ಮ ಕಣ್ಣಲ್ಲೇ ಸನ್ನೆ ಮಾಡಿದರು. ನರ್ಸು ಹೋಗಿ ಒಂದೊಂದಾಗಿ ನಿಲ್ಲಿಸಿದಳು. ಮೂಲೆಯ ಕುರ್ಚಿಯಲ್ಲಿದ್ದ ವಯಸ್ಸಾದ ಹೆಂಗಸು ತನ್ನ ಚೀಲ ನೋಡಿದಳು, ಆಮೇಲೆ ಪುಟ್ಟಿಯನ್ನು ನೋಡಿದಳು.

"ನಂದು ಮುಗಿಯೋಕೆ ಬಂದಿತ್ತಲ್ಲಮ್ಮ," ಎಂದಳು.

ಪುಟ್ಟಿ ಕೈ ಮುಗಿದಳು. ಮುಗಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

ಡಾಕ್ಟರಮ್ಮನೂ ನರ್ಸೂ ಆಚೆ ಹೋದಮೇಲೆ ಅಕ್ಕ ಬಾಯಿ ತೆರೆದಳು. ಕೊರಳಿಂದ ಟೇಪು ತೆಗೆದು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಅಂದ್ರೆ ಟೇಪು ಎಳೆದು ಅಳತೆ ತಗೊಂಡೆ."

"ಹ್ಞೂಂ ಅಕ್ಕ."

"ಸೊಂಟ ಮೂವತ್ತಾರು ಇದ್ರೆ, ಎಳೆದು ಹಿಡಿದು ಮೂವತ್ನಾಲ್ಕು ಅಂತ ಬರ್ಕೊಂಡೆ."

"ಹ್ಞೂಂ."

"ನನ್ನಂಗಡೀಲಿ ಹಾಗೆ ಮಾಡಿದ್ದ ಹುಡುಗೀನ ಅವತ್ತೇ ಮನೆಗೆ ಕಳಿಸಿದ್ದೆ. ಬಟ್ಟೆಯಾದ್ರೆ ಬಿಚ್ಚಿ ಹೊಲೀಬಹುದು." ಅಕ್ಕನ ದನಿ ಅಲ್ಲಿ ಒಡೆಯಿತು. "ನನಗೆ ಭಯ ಆಗ್ತಿದೆ ಪುಟ್ಟಿ. ಹೋದ ಸಲದಷ್ಟೇ ಆಗ್ತಿದೆ. ಹೋದ ಸಲ ನಿನ್ನ ಕೈ ಹಿಡ್ಕೊಂಡಿದ್ದೆ. ಈಗ ಯಾರ ಕೈ ಹಿಡ್ಕೊಳ್ಲಿ?"

ಪುಟ್ಟಿ ಅತ್ತಳು. ಅಕ್ಕ ಸಮಾಧಾನ ಮಾಡಲಿಲ್ಲ. ಮಾಡಬೇಕು ಎಂದು ಪುಟ್ಟಿಗೆ ಅನ್ನಿಸಲೂ ಇಲ್ಲ. ನಾಲ್ಕು ಗಂಟೆ ಹೊತ್ತು ಅವಳು ಅಕ್ಕನ ಎದೆ ಏರಿಳಿಯುವುದನ್ನೇ ನೋಡುತ್ತ ಕೂತಳು. ಒಂದು ಉಸಿರು ಸ್ವಲ್ಪ ತಡವಾದರೂ ಇವಳ ಜೀವ ಬಾಯಿಗೆ ಬರುತ್ತಿತ್ತು. ನರ್ಸು ನಡುನಡುವೆ ಬಂದು ಬೆರಳಿನ ಕ್ಲಿಪ್ಪು ನೋಡಿ ಹೋಗುತ್ತಿದ್ದಳು.

ಸಂಜೆಗೆ "ಸದ್ಯಕ್ಕೆ ತೊಂದರೆ ಕಾಣಲ್ಲ, ಉಸಿರಾಟದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ತಕ್ಷಣ ಬನ್ನಿ" ಎಂದು ಹೇಳಿ ಮನೆಗೆ ಬಿಟ್ಟರು. ನರ್ಸು ಸೂಜಿ ತೆಗೆಯಲು ಕೈಗೆ ಕೈ ಹಾಕಿದಾಗ ಅಕ್ಕ ಕೈ ಹಿಂದಕ್ಕೆಳೆದುಕೊಂಡಳು.

"ಇರ್ಲಿ ಬಿಡಿ."

"ಯಾಕಮ್ಮ? ನೋಯಲ್ವಾ?"

"ಮತ್ತೆ ನರ ಸಿಗ್ಬೇಕಲ್ಲ. ಎಷ್ಟು ದಿನ ಇಡಬಹುದು?"

"ಮೂರು ದಿನ ಇಡಬಹುದು. ನೆನೆಸ್ಬೇಡಿ."

ಅಕ್ಕ ಆಗ ಮೊದಲ ಸಲ ಪುಟ್ಟಿಯ ಮುಖ ನೋಡಿದಳು. "ಮೂರು ದಿನ ಇದೆ. ಹೋಗಿ ಅಳೆದು ಬಾ," ಎಂದಳು. "ಟೇಪು ಸಡಿಲ ಬಿಟ್ಟು ಅಳಿ."

ಪ್ರತಿ ಬ್ಯಾಚಿನಿಂದಲೂ ಕೆಲವು ಸೀಸೆಗಳನ್ನು ಕಾರ್ಖಾನೆಯಲ್ಲೇ ತೆಗೆದಿಟ್ಟಿರುತ್ತಾರೆ. ಮರುದಿನ ಬೆಳಗ್ಗೆ ಪುಟ್ಟಿ ಹೋಗುವಷ್ಟರಲ್ಲಿ ಆಸ್ಪತ್ರೆಯ ಕಾಗದ ಅಲ್ಲಿಗೆ ತಲುಪಿತ್ತು. ಗೇಟಿನಲ್ಲೇ ಅವಳ ಗುರುತಿನ ಚೀಟಿ ಇಸಿದುಕೊಂಡರು. ಅಳತೆ ಕೋಣೆಯಲ್ಲಿ ಮೇಡಂ ಕೈಕಟ್ಟಿ ನಿಂತಿದ್ದರು, ಗೋಡೆಗೆ ಒತ್ತಿಕೊಂಡು ಸ್ನಾನದಣ್ಣ ನಿಂತಿದ್ದ. ಒಂದೇ ದಿನದಲ್ಲಿ ಮನುಷ್ಯ ಹತ್ತು ವರ್ಷ ಮುದುಕನಾದ ಹಾಗಿದ್ದ.

"ಮೊದಲು ನೀನು ಅಳಿ, ನನ್ನ ಕಣ್ಣೆದುರಿಗೆ," ಎಂದರು ಮೇಡಂ. "ಆಮೇಲೆ ನಾನು ಅಳೀತೀನಿ, ಆಮೇಲೆ ಹೊರಗಿನವರು ಬಂದು ಅಳೀತಾರೆ. ಆಮೇಲೆ ನಿಮ್ಮಿಬ್ಬರ ವಿಷಯ."

ಪುಟ್ಟಿ ಮೊದಲು ತನ್ನದೇ ಬ್ಯಾಚಿನ ಸೀಸೆ ತೆಗೆದುಕೊಂಡಳು. ಕಲಸಿದಳು, ಸ್ಯಾಂಪಲ್ಲನ್ನು ತೊಟ್ಟಿಯಲ್ಲಿಟ್ಟು ಬಾಯಲ್ಲಿ ಮೂವತ್ತು ಎಣಿಸಿ ತೆಗೆದಳು. ಯಂತ್ರದ ಮುಚ್ಚಳ ಹಾಕಿದಳು. ಹದಿಮೂರು ವರ್ಷ ಅದೇ ಯಂತ್ರದ ಮುಂದೆ ಕೂತು ಊಟದ ಮಾತು, ಸೀರೆಯ ಮಾತು, ಯಾರದೋ ಮದುವೆಯ ಮಾತು ಆಡಿದ್ದಳು. ಇವತ್ತು ಆ ಎರಡು ನಿಮಿಷ ಯಂತ್ರದಿಂದ ಕಣ್ಣು ತೆಗೆಯಲಿಲ್ಲ.

ಇನ್ನೂರ ಒಂಬತ್ತು.

ಗೋಡೆಯ ಹತ್ತಿರದಿಂದ ಸ್ನಾನದಣ್ಣ "ಇನ್ನೊಂದು..." ಎಂದು ಶುರುಮಾಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಬೇಕೆಂದು ಹೇಳಿದ್ದಲ್ಲ ಪಾಪ. ಬಾಯಿಗೆ ರೂಢಿಯಾಗಿದ್ದ ಮಾತು. ಪುಟ್ಟಿ ಪುಸ್ತಕದಲ್ಲಿ ಇನ್ನೂರ ಒಂಬತ್ತು ಎಂದು ಬರೆದಳು. ಐದು ತಿಂಗಳು ತಡವಾಗಿ ಕೆಂಪು ಕಾಗದ ತುಂಬಿದಳು.

ಆಮೇಲೆ ಸ್ನಾನದಣ್ಣನ ಬ್ಯಾಚು. ಮೂರು ಸೀಸೆ ಅಳೆದಳು. ನೂರ ನಲವತ್ತೊಂದು, ನೂರ ಮೂವತ್ತೊಂಬತ್ತು, ನೂರ ನಲವತ್ತೊಂದು. ಮೇಡಂ ತಾವೇ ಕೂತು ಮತ್ತೆ ಮೂರು ಅಳೆದರು, ಅಷ್ಟೇ ಬಂತು. ಸ್ನಾನದಣ್ಣ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ.

ಹೊರಗೆ ಬಂದು ಪುಟ್ಟಿ ಫೋನು ಮಾಡಿದಳು. "ಅಕ್ಕ, ಎರಡನೇದು ಸರಿಯಿದೆ. ಮೇಡಂ ಕೂಡ ಅಳೆದ್ರು. ಹೊರಗಿನವರು ಈಗ ಬರ್ತಿದ್ದಾರೆ. ಅವರೂ ಸರಿ ಅಂದ್ರೆ ನಾಳೆ ಆಸ್ಪತ್ರೆಗೆ ಕಾಗದ ಹೋಗುತ್ತೆ."

ಆ ಕಡೆ ಮಿಷನ್ ಓಡುತ್ತಿದ್ದ ಸದ್ದು ನಿಂತಿತು.

"ಮೊದಲನೇದು?"

ಪುಟ್ಟಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನನ್ನೊಳಗೆ ಹೋಗಿರೋದು ಮೊದಲನೇದಲ್ವಾ ಪುಟ್ಟಿ. ಎಷ್ಟು ಬಂತು, ಹೇಳು."

ನೂರ ಐವತ್ತು ಎನ್ನಬಹುದಿತ್ತು. ಅಕ್ಕನಿಗೆ ರಾತ್ರಿಯ ನಿದ್ದೆಯಾದರೂ ಬರುತ್ತಿತ್ತು.

"ಇನ್ನೂರ ಒಂಬತ್ತು," ಎಂದಳು.

ಎಷ್ಟೋ ಹೊತ್ತು ಬರೀ ಉಸಿರು ಕೇಳಿಸಿತು. ಪುಟ್ಟಿ ಅದನ್ನೂ ಎಣಿಸಿದಳು. ಆಮೇಲೆ ಅಕ್ಕ, "ಹ್ಞೂಂ. ಬಾ," ಎಂದಳು. "ಸೂಜಿ ಇನ್ನೂ ಇದೆ."

ಹೊರಗಿನವರ ಅಳತೆಯೂ ಸರಿಬಂದು ಆಸ್ಪತ್ರೆಗೆ ಕಾಗದ ತಲುಪಿತು. ಮೂರನೇ ದಿನ ಮಧ್ಯಾಹ್ನ ಅದೇ ಕುರ್ಚಿ. ಮೂಲೆಯ ಕುರ್ಚಿ ಖಾಲಿಯಿತ್ತು. ಆ ಹೆಂಗಸಿನ ದಿನ ಇವತ್ತಲ್ಲ ಎಂದು ನರ್ಸು ಹೇಳಿದಳು. ಪುಟ್ಟಿ ಆದರೂ ಎರಡು ಸಲ ಅತ್ತ ನೋಡಿದಳು. ಅಕ್ಕನ ಕೈಯ ಸೂಜಿಯ ಸುತ್ತ ಸ್ವಲ್ಪ ನೀಲಿಗಟ್ಟಿತ್ತು. ನರ್ಸು ಉಪ್ಪುನೀರು ಹಾಯಿಸಿ ನೋಡಿ, "ನರ ಚೆನ್ನಾಗೇ ಇದೆ" ಎಂದಳು. ಒಳಗಿನಿಂದ ಬಿಳಿ ಚೀಲವೂ ಖಾಲಿ ಸೀಸೆಯೂ ಬಂದವು.

"ನಾಲ್ಕು, ಒಂದು, ಒಂದು," ಎಂದು ನರ್ಸು ಶುರುಮಾಡಿದಳು.

"ತಡೀರಿ ಸಿಸ್ಟರ್," ಎಂದಳು ಅಕ್ಕ. "ಪುಟ್ಟಿ, ನನ್ನ ಬ್ಯಾಗಲ್ಲಿ ಕನ್ನಡಕ ಇದೆ, ಕೊಡು."

ಪುಟ್ಟಿ ತೆಗೆದು ಕೊಟ್ಟಳು. ಅಕ್ಕ ಹಾಕಿಕೊಂಡು, ಸೀಸೆಯನ್ನು ಇಸಿದುಕೊಂಡು, ಒಂದೊಂದು ಅಂಕಿಯ ಕೆಳಗೂ ಉಗುರು ಇಟ್ಟು ತಾನೇ ಓದಿದಳು. ನಾಲ್ಕು. ಒಂದು. ಒಂದು. ಎಂಟು. ಮೂರು. ಎರಡು.

"ಇದು ಎಷ್ಟು ಬಂದಿತ್ತು?"

"ನೂರ ನಲವತ್ತೊಂದು."

"ಸ್ನಾನ?"

"ಮೂವತ್ತು ಸೆಕೆಂಡು. ಅಷ್ಟೇ."

ಅಕ್ಕ ಸೀಸೆಯನ್ನು ವಾಪಸು ಕೊಟ್ಟು, ಹಾಳೆಯ ಮೇಲೆ ತಾನೇ ಸಹಿ ಹಾಕಿದಳು. ಆಮೇಲೆ ಸೂಜಿಯಿಲ್ಲದ ಕೈಯಿಂದ ಪುಟ್ಟಿಯ ಮುಂಗೈ ಹಿಡಿದುಕೊಂಡಳು. ಇಬ್ಬರ ಕೈಯೂ ತಣ್ಣಗಿತ್ತು. ನರ್ಸು ಗಾಲಿ ಬಿಟ್ಟಳು. ಬಿಳಿ ಔಷಧಿ ನಳಿಗೆಯಲ್ಲಿ ಇಳಿದು, ತಿರುವಿನಲ್ಲಿ ಬಳಸಿ, ಸೂಜಿಯ ಹತ್ತಿರ ಬರುವವರೆಗೂ ಅಕ್ಕ ಕಣ್ಣು ಮುಚ್ಚದೆ ಅದನ್ನೇ ನೋಡುತ್ತಿದ್ದಳು.